ಹನ್ನೆರಡು ಸಲ ‘ಬಲೆ’

ಹತ್ತೊಂಬತ್ತು ಮಕ್ಕಳು, ಇಪ್ಪತ್ತನಾಲ್ಕು ಕೆಲಸದ ದಿನಗಳು, ದಿನಕ್ಕೆ ಮೂರೂವರೆ ಗಂಟೆ. ಇದರಲ್ಲಿ ಕಷ್ಟಪಡುವಂಥದ್ದು ಏನಿದೆ ಎಂದು ನಾನು ಅಕ್ಕನನ್ನು ಕೇಳಿದೆ. ಆ ಭಾನುವಾರದ ಡೈರಿಯಲ್ಲಿ ಇದು ದಾಖಲಾಗಿದೆ: ‘ನಾಳೆಯಿಂದ ಎಲ್‌ಕೆಜಿ. ಅಂದಾಜು ಕಷ್ಟ: ಸೊನ್ನೆ.’

ಅಕ್ಕ ಕುಂಬ್ರ ಪೇಟೆಯಿಂದ ಸ್ವಲ್ಪ ಒಳಗಿರುವ ಒಂದು ಸಣ್ಣ ಶಾಲೆಯಲ್ಲಿ ಎಲ್‌ಕೆಜಿ ಟೀಚರ್. ಜಾರುಬಂಡಿಗೆ ಹೆದರುತ್ತಿದ್ದ ಒಂದು ಮಗುವಿಗೆ ಧೈರ್ಯ ತುಂಬಲು ತಾನೇ ಹತ್ತಿ ಜಾರಿ ತೋರಿಸಿದಳು. ಮಗುವಿಗೆ ಧೈರ್ಯ ಬಂತು. ಅಕ್ಕನ ಕಾಲಿಗೆ ಪ್ಲಾಸ್ಟರ್ ಬಂತು. ನಾನು ಬಿ.ಕಾಂ. ಮುಗಿಸಿ, ಒಂದು ಪರೀಕ್ಷೆ ಬರೆದು, ಫಲಿತಾಂಶ ಕಾಯುತ್ತಾ ಮನೆಯಲ್ಲಿದ್ದೆ. ಶಾಲೆಯ ದೊಡ್ಡ ಮೇಡಂ ಫೋನಿನಲ್ಲಿ, “ನಿಮ್ಮ ತಮ್ಮ ಖಾಲಿ ಇದ್ದಾನಲ್ಲ, ಕಳಿಸಿ ಕೊಡಿ” ಎಂದರು. ಖಾಲಿ ಎಂಬ ಮಾತು ನನಗೆ ಚುಚ್ಚಿತು. ಆದರೂ ಒಪ್ಪಿಕೊಂಡೆ.

“ನೋಡು ಪ್ರಶಾಂತ, ಅದು ಮಕ್ಕಳು ಮಾರಾಯ. ನಿನ್ನ ಲೆಕ್ಕದ ಪುಸ್ತಕ ಅಲ್ಲ,” ಎಂದಳು ಅಕ್ಕ, ಪ್ಲಾಸ್ಟರಿನ ಕಾಲನ್ನು ಸ್ಟೂಲಿನ ಮೇಲಿಟ್ಟು.

“ಲೆಕ್ಕ ಇಟ್ಟರೆ ಎಲ್ಲವೂ ಸುಲಭ ಅಕ್ಕ.”

“ನಿನಗೆ ಸುಲಭ. ಮಕ್ಕಳಿಗೆ?”

ಎಂಟನೇ ಕ್ಲಾಸಿನಿಂದ ಒಂದು ದಿನವೂ ತಪ್ಪದೆ ಡೈರಿ ಬರೆದವನು ನಾನು. ಬೆಳಿಗ್ಗೆ ಎದ್ದ ಹೊತ್ತು, ಬಸ್ಸು ತಡವಾದ ನಿಮಿಷ, ನೆರೆಮನೆಯ ಕೋಳಿ ನಮ್ಮ ಅಂಗಳಕ್ಕೆ ಅತಿಕ್ರಮಣ ಮಾಡಿದ ಸಲ, ಎಲ್ಲವೂ ನನ್ನಲ್ಲಿದೆ. ಹತ್ತೊಂಬತ್ತು ಮಕ್ಕಳು ಯಾವ ಲೆಕ್ಕ! ಅದರ ಮೇಲೆ ಇನ್ನೊಂದು ಶುಭಸೂಚನೆ ಬೇರೆ. ಅಕ್ಷರಮಾಲೆಯಲ್ಲಿ ಅಕ್ಕ ‘ಞ’ದವರೆಗೆ ಮುಗಿಸಿದ್ದಳು. ಉಳಿದದ್ದು ‘ಟ’ದಿಂದ ‘ಳ’ದವರೆಗೆ. ಎಣಿಸಿದೆ. ಸರಿಯಾಗಿ ಇಪ್ಪತ್ತನಾಲ್ಕು! ದಿನಕ್ಕೊಂದು ಅಕ್ಷರ, ಇಪ್ಪತ್ತನಾಲ್ಕು ದಿನ. ಇಂಥ ಕೆಲಸ ನನಗಾಗಿಯೇ ಹುಟ್ಟಿದ್ದು ಎಂದು ಅನ್ನಿಸಿಬಿಟ್ಟಿತು.

ಮೊದಲ ದಿನದ ವರದಿ ಹೀಗಿದೆ. ‘ದಿನ 1, ಸೋಮವಾರ. ಅಕ್ಷರ: ಟ. ಹಾಜರಿ 19. ಅತ್ತವರು 7. ಅತ್ತವರನ್ನು ನೋಡಿ ಅತ್ತವರು 4. ತಿಂದ ಕ್ರೆಯಾನ್ ಒಂದೂವರೆ, ಉಳಿದರ್ಧವನ್ನು ಉಗುಳಿಸಲಾಯಿತು. ನನ್ನನ್ನು ಅಮ್ಮ ಎಂದು ಕರೆದವರು 2.’

ಆ ದಿನ ಬಿಡುವಿನಲ್ಲಿ ದೊಡ್ಡ ಮೇಡಂ ನನ್ನನ್ನು ಕರೆದು ಎರಡು ವಿಷಯ ಹೇಳಿದರು. ಒಂದು, ತರಗತಿಯಲ್ಲಿ ಕನ್ನಡ ಇಲ್ಲವೇ ಇಂಗ್ಲಿಷ್ ಮಾತ್ರ, ತುಳು ಬೇಡ. ಎರಡು, ಪ್ರತಿ ಮಗುವಿನ ಮಾತಿಗೆ ಹತ್ತರಲ್ಲಿ ಅಂಕ ಕೊಡಬೇಕು. ಐದಕ್ಕಿಂತ ಕಡಿಮೆ ಬಂದವರು ಜೊತೆಯವರೊಂದಿಗೆ ಯುಕೆಜಿಗೆ ಹೋಗುವಂತಿಲ್ಲ, ಮತ್ತೊಂದು ವರ್ಷ ಎಲ್‌ಕೆಜಿಯಲ್ಲೇ ಕೂರಬೇಕು.

“ಸರಿಯಾಗಿ ನೋಡಿ ಹಾಕಿ. ಮಕ್ಕಳ ವಿಷಯ.”

“ನನ್ನ ಲೆಕ್ಕ ತಪ್ಪುವುದಿಲ್ಲ ಮೇಡಂ,” ಎಂದೆ. ಈ ವಾಕ್ಯವನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಮೇಡಂ ಅಂತೂ ನೆನಪಿಟ್ಟುಕೊಂಡರು.

ನಾನು ಕೂಡಲೇ ಹತ್ತೊಂಬತ್ತು ಸಾಲುಗಳ ಒಂದು ಕೋಷ್ಟಕ ಎಳೆದೆ. ಯಾವ ಮಗು ನನ್ನ ಹತ್ತಿರ ಯಾವ ಪದ ಆಡಿತು, ಎಷ್ಟು ಗಂಟೆಗೆ, ಪಾಠಕ್ಕೆ ಸಂಬಂಧ ಇದೆಯೋ ಇಲ್ಲವೋ. ತುಳುವಿಗೆ ಅದರಲ್ಲಿ ಕಾಲಮ್ಮೇ ಇರಲಿಲ್ಲ. ನಮ್ಮ ಮನೆಮಾತು ತುಳು. ಹುಟ್ಟಿದಾಗಿನಿಂದ ನಾನು ಅತ್ತದ್ದು, ನಕ್ಕದ್ದು, ಬೈಸಿಕೊಂಡದ್ದು ಎಲ್ಲ ಅದರಲ್ಲೇ. ಆದರೆ ತರಗತಿಯ ಹೊಸ್ತಿಲಲ್ಲಿ ಚಪ್ಪಲಿಯ ಜೊತೆ ಅದನ್ನೂ ಬಿಟ್ಟು ಒಳಗೆ ಹೋಗುತ್ತಿದ್ದೆ. ಅಷ್ಟು ಶಿಸ್ತು ನನಗೆ!

ಎರಡನೆಯ ದಿನ ಜೇಡಿಮಣ್ಣಿನ ಚಟುವಟಿಕೆ. “ಎಲ್ಲರೂ ಒಂದು ಚೆಂಡು ಮಾಡಿ,” ಎಂದೆ. ಹದಿನೇಳು ಮಕ್ಕಳು ಉಂಡೆ ಕಟ್ಟಿ, “ಪುಂಡಿ ಆಯ್ತು ಸರ್!” ಎಂದು ಕೂಗಿದರು. ಪುಂಡಿ ಎಂದರೆ ಅಕ್ಕಿತರಿಯನ್ನು ಉಂಡೆ ಮಾಡಿ ಹಬೆಯಲ್ಲಿ ಬೇಯಿಸುವ ನಮ್ಮ ಕಡೆಯ ಬೆಳಗಿನ ತಿಂಡಿ. ಆಕಾರದಲ್ಲಿ ಚೆಂಡಿಗೂ ಅದಕ್ಕೂ ವ್ಯತ್ಯಾಸವಿಲ್ಲ. ಆದರೆ ನಾನು ಹೇಳಿದ್ದು ಚೆಂಡು. ‘ಚೆಂಡು 0, ಪುಂಡಿ 17’ ಎಂದು ಬರೆದುಕೊಂಡೆ. ಬಹಳ ನಿಷ್ಪಕ್ಷಪಾತಿ ನಾನು.

ಹತ್ತೂ ಮುಕ್ಕಾಲಿಗೆ ತಿಂಡಿಯ ಬಿಡುವು. ಆಯಾ ಕಮಲಕ್ಕ ಮಕ್ಕಳನ್ನು ನಾಲ್ಕು ನಾಲ್ಕಾಗಿ ಕೈ ತೊಳೆಯಲು ನಳ್ಳಿಯ ಹತ್ತಿರ ಕರೆದುಕೊಂಡು ಹೋಗುತ್ತಿದ್ದರು. ನಾನು ನನ್ನ ಕುರ್ಚಿಯಲ್ಲಿ ಕೂತು ಕೋಷ್ಟಕ ತುಂಬುತ್ತಿದ್ದೆ. ಆಗ ಒಂದು ಪುಟ್ಟ ಧ್ವನಿ ಕೇಳಿತು.

“ಬಲೆ.”

ತಲೆ ಎತ್ತಿದೆ. ಎದುರಿಗೆ ಧನ್ವಿ. ಎರಡು ಜುಟ್ಟು, ಮುಂದಿನ ಒಂದು ಹಲ್ಲು ಅರ್ಧ. ಇಡೀ ಬೆಳಿಗ್ಗೆ ನನ್ನ ಹತ್ತಿರ ತುಟಿ ಬಿಚ್ಚದವಳು. ಕೈಯಲ್ಲಿ ಮುಚ್ಚಳ ತೆಗೆದ ತಿಂಡಿ ಡಬ್ಬಿ. ಅವಳ ಕಣ್ಣು ನನ್ನ ತಲೆಯ ಕಡೆಗಿತ್ತು. ನನ್ನ ತಲೆಯ ಹಿಂದೆ ಗೋಡೆಯಲ್ಲಿ ಅಕ್ಷರಗಳ ಚಿತ್ರಪಟ. ಸರಿಯಾಗಿ ಹಿಂದೆಯೇ ‘ಬ’, ಅದರ ಕೆಳಗೆ ಬಲೆಯ ಚಿತ್ರ, ಬಲೆಯೊಳಗೆ ಒಂದು ಕೆಂಪು ಮೀನು. ಮಗು ಚಿತ್ರ ನೋಡಿ ಓದುತ್ತಿದೆ ಎಂದುಕೊಂಡೆ.

ತೋರುಬೆರಳು ಎತ್ತಿ ಹೇಳಿದೆ, “ಬಲೆ ಅಲ್ಲ ಮಗು. ಇವತ್ತು ‘ಠ’.”

ಅವಳು ನನ್ನ ಬೆರಳನ್ನು ನೋಡಿದಳು. ಆಮೇಲೆ ತನ್ನ ಚಾಪೆಗೆ ಹೋಗಿ ಕೂತು ತಿಂದಳು. ನಾನು ಬರೆದೆ: ‘ಧನ್ವಿ. ಬಲೆ. 10.45. ಪಾಠಕ್ಕೆ ಸಂಬಂಧವಿಲ್ಲ.’ ಕೆಳಗೆ ಒಂದು ಟಿಪ್ಪಣಿ: ‘ತೆರೆದ ಡಬ್ಬಿ ಹಿಡಿದು ನಡೆದಾಡುವ ಅಭ್ಯಾಸ. ತಿದ್ದಬೇಕು.’

ಮೂರನೆಯ ದಿನವೂ ಹತ್ತೂ ಮುಕ್ಕಾಲಿಗೆ ಬಲೆ. “ಬಲೆ ಅಲ್ಲ ಮಗು. ಇವತ್ತು ‘ಡ’.”

ನಾಲ್ಕನೆಯ ದಿನ ಗುರುವಾರ. ಅಂದಿನ ಚಟುವಟಿಕೆ ‘ಎಡ, ಬಲ ಗುರುತಿಸುವುದು’. ಮಕ್ಕಳನ್ನು ಗೋಡೆಯ ಹತ್ತಿರ ಸಾಲಾಗಿ ನಿಲ್ಲಿಸಿ, ಎದುರು ಗೋಡೆಯ ಹತ್ತಿರ ನಾನು ನಿಂತು, ಕವಾಯತಿನ ಧ್ವನಿಯಲ್ಲಿ ಅಪ್ಪಣೆ ಕೊಟ್ಟೆ.

“ಎಡ!”

ಯಾರೂ ಅಲ್ಲಾಡಲಿಲ್ಲ.

“ಬಲ!”

ಹತ್ತೊಂಬತ್ತು ಮಕ್ಕಳೂ ನನ್ನ ಕಡೆಗೆ ಓಡಿ ಬಂದರು!

ವಾಪಸ್ ಕಳಿಸಿದೆ. ಮತ್ತೆ “ಎಡ!” ಎಂದೆ. ನಿಂತರು. “ಬಲ!” ಎಂದೆ. ಬಂದರು! ಈ ಸಲ ಇನ್ನೂ ಜೋರಾಗಿ, ಇದು ಹೊಸ ಆಟ ಎಂಬ ಖುಷಿಯಲ್ಲಿ. ಮೂರನೆಯ ಬಲಕ್ಕೆ ನನ್ನ ಮೊಣಕಾಲಿಗೆ ಆರು ಮಂದಿ ಜೋತುಬಿದ್ದರು. ನಾಲ್ಕನೆಯ ಬಲಕ್ಕೆ ನಾನು, ನನ್ನ ಕುರ್ಚಿ, ಕೋಷ್ಟಕ ಮೂವರೂ ನೆಲಕ್ಕೆ.

ಬಾಗಿಲಲ್ಲಿ ಕಮಲಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದರು. “ಎಂತ ಸರ್, ನೀವೇ ಕರೆದು ನೀವೇ ಬೈಯುದಾ? ತುಳುವಲ್ಲಿ ಬಲ ಅಂದ್ರೆ ಬಾ ಅಂತ ಅಲ್ವಾ? ಮಕ್ಕಳು ಬಂದ್ರು.”

“ಗೊತ್ತುಂಟು ಕಮಲಕ್ಕ,” ಎಂದೆ ನೆಲದಿಂದಲೇ.

“ಮತ್ತೆ ಬಲ ಹೇಳುದು ಒಬ್ಬರಿಗೆ. ಇಷ್ಟು ಜನರಿಗಾದ್ರೆ ಬಲೆ ಹೇಳ್ಬೇಕು. ದೊಡ್ಡವರಿಗೂ ಬಲೆ.”

ಈಗ ಬುದ್ಧಿವಂತ ಓದುಗರು, “ಅಲ್ಲಿಗೆ ಇವನಿಗೆ ಹೊಳೆಯಿತು” ಎಂದುಕೊಳ್ಳಬಹುದು. ನಿಮ್ಮ ನಿರೀಕ್ಷೆಗೆ ನಾನು ಋಣಿ. ನನಗೆ ಹೊಳೆದದ್ದು ಬೇರೆ. ತುಳುವಿನಿಂದಾಗಿ ತರಗತಿಯ ಶಿಸ್ತು ಕುಸಿಯುತ್ತಿದೆ ಎಂದು ಹೊಳೆಯಿತು! ಎದ್ದು, ಪ್ಯಾಂಟು ಕೊಡವಿಕೊಂಡು, ನಾಲ್ಕು ವರ್ಷದ ಮಕ್ಕಳ ಮುಂದೆ ಒಂದು ಘೋಷಣೆ ಹೊರಡಿಸಿದೆ: “ಇನ್ನು ಮುಂದೆ ಈ ಕೋಣೆಯಲ್ಲಿ ಬಲ ಎಂದರೆ ಬಲಗೈ. ಬಲೆ ಎಂದರೆ ಮೀನು ಹಿಡಿಯುವ ಬಲೆ. ಅರ್ಥ ಆಯ್ತಾ?”

“ಆಯ್ತು ಸಾ...ರ್!” ಎಂದು ಹತ್ತೊಂಬತ್ತು ಮಂದಿಯೂ ಎಳೆದರು. ಮಕ್ಕಳು ಏನು ಕೇಳಿದರೂ ಹಾಗೆಯೇ ಎನ್ನುತ್ತಾರೆ. ನಿಜವಾಗಿ ಆ ಆದೇಶವನ್ನು ಪಾಲಿಸಿದವನು ನಾನೊಬ್ಬನೇ.

ಐದು ನಿಮಿಷದ ನಂತರ, ಹತ್ತೂ ಮುಕ್ಕಾಲಿಗೆ, ಧನ್ವಿ ಬಂದಳು. “ಬಲೆ.” “ಬಲೆ ಅಲ್ಲ ಮಗು. ಇವತ್ತು ‘ಢ’.”

ಹೀಗೆ ದಿನಗಳು ಉರುಳಿದವು. ಎಂಟನೆಯ ದಿನ ಧನ್ವಿ ರಜೆ. ಉಳಿದ ಎಲ್ಲ ದಿನ ಬಲೆ. ಒಂಬತ್ತನೆಯ ದಿನ ಕಮಲಕ್ಕ ನೆಲ ಒರೆಸುತ್ತಾ ಕೇಳಿದರು, “ಸರ್, ಆ ಮಗು ನಿಮ್ಮ ಹತ್ರ ಬಂದು ಎಂತದೋ ಹೇಳ್ತದಲ್ಲ, ಒಮ್ಮೆ ನೋಡಿ ಮಾರಾಯ್ರೆ. ನನಗೆ ನಳ್ಳಿಯ ಹತ್ರ ಕೇಳುದಿಲ್ಲ.”

“ನೋಡಿದ್ದೇನೆ ಕಮಲಕ್ಕ. ಬರೆದೂ ಇಟ್ಟಿದ್ದೇನೆ.”

“ಬರೆದದ್ದು ಕಾಣ್ತದೆ. ನೋಡಿದ್ರಾ ಅಂತ ಕೇಳಿದ್ದು.”

ಇದನ್ನೂ ಬರೆದುಕೊಂಡೆ. ‘ಆಯಾ: ಅನಗತ್ಯ ಹಸ್ತಕ್ಷೇಪ 1.’

ಹದಿಮೂರನೆಯ ದಿನ ಸೋಮವಾರ, ಅಕ್ಷರ ‘ಬ’. ಹತ್ತೂ ಮುಕ್ಕಾಲು. ಧನ್ವಿ ಡಬ್ಬಿ ಹಿಡಿದು ಬಂದು, “ಬಲೆ,” ಎಂದಳು.

ನಾನು ಕುರ್ಚಿಯಿಂದ ಹಾರಿ ಎದ್ದೆ. “ಶಹಬ್ಬಾಸ್! ಸರಿ ಉತ್ತರ! ‘ಬ’, ಬಲೆ! ಎಲ್ಲರೂ ಧನ್ವಿಗೆ ಚಪ್ಪಾಳೆ ತಟ್ಟಿ!”

ಬಾಯಲ್ಲಿ ತಿಂಡಿ ಇದ್ದವರೂ ತಟ್ಟಿದರು. ಧನ್ವಿಯ ಮುಖ ಅರಳಿತು. ಡಬ್ಬಿಯನ್ನು ಇನ್ನೂ ಸ್ವಲ್ಪ ಮೇಲೆತ್ತಿ ನನ್ನ ಮೂಗಿನ ಹತ್ತಿರ ಹಿಡಿದಳು. ನಾನು ಅವಳನ್ನು ಭುಜ ಹಿಡಿದು ತಿರುಗಿಸಿ, “ಹೋಗು, ಕೂತು ತಿನ್ನು,” ಎಂದೆ. ಹತ್ತು ಸಲದ ನನ್ನ ತಿದ್ದುಪಡಿ ಫಲ ಕೊಟ್ಟಿತೆಂದು ಅಂದು ಡೈರಿಯಲ್ಲಿ ಅರ್ಧ ಪುಟ ಬರೆದೆ.

ಹದಿನಾಲ್ಕನೆಯ ದಿನ, ಅಕ್ಷರ ‘ಭ’. ಭರಣಿಯೋ ಭೂಮಿಯೋ ಕೇಳಬಹುದೆಂದು ಕಾದೆ. ಧನ್ವಿ ಬಂದಳು. ಹಿಂದಿನ ದಿನದ ಚಪ್ಪಾಳೆಯ ಉತ್ಸಾಹದಲ್ಲಿ ಗಟ್ಟಿಯಾಗಿ ಹೇಳಿದಳು.

“ಬಲೆ!”

ಮಗು ಒಂದೇ ಪದಕ್ಕೆ ಸಿಕ್ಕಿಹಾಕಿಕೊಂಡಿದೆ! ಕೋಷ್ಟಕ ಬಿಡಿಸಿದೆ. ಹನ್ನೆರಡು ಬಲೆ, ಬೇರೆ ಪದ ಸೊನ್ನೆ. ಮಾತಿಗೆ ಅಂಕ: ಹತ್ತರಲ್ಲಿ ಸೊನ್ನೆ. ‘ಮತ್ತೆ ಎಲ್‌ಕೆಜಿ’ ಎಂಬ ಪಟ್ಟಿಗೆ ಅವಳ ಹೆಸರು ಏರಿಸಿ, ಹೊಣೆಯರಿತ ಶಿಕ್ಷಕನಾಗಿ ತಾಯಿಗೊಂದು ಪತ್ರ ಬರೆದೆ:

‘ಮಾನ್ಯರೇ, ತಮ್ಮ ಮಗಳು ಕುಮಾರಿ ಧನ್ವಿಯು ಕಳೆದ ಹದಿನಾಲ್ಕು ದಿನಗಳ ಅವಧಿಯಲ್ಲಿ “ಬಲೆ” ಎಂಬ ಒಂದೇ ಪದವನ್ನು ಒಟ್ಟು ಹನ್ನೆರಡು ಬಾರಿ ಉಚ್ಚರಿಸಿರುತ್ತಾಳೆ. ಇತರೆ ಪದಗಳು ಇರುವುದಿಲ್ಲ. ಮನೆಯಲ್ಲಿ ಮೀನುಗಾರಿಕೆಯ ವಾತಾವರಣವಿದ್ದಲ್ಲಿ ತಿಳಿಸುವುದು. ಇಲ್ಲದಿದ್ದಲ್ಲಿ ಮಗುವಿನ ಕಿವಿ ಹಾಗೂ ಮಾತನ್ನು ತಜ್ಞ ವೈದ್ಯರಿಗೆ ಶೀಘ್ರವಾಗಿ ತೋರಿಸುವುದು ಸೂಕ್ತ.’

ಕುಂಬ್ರದಿಂದ ಕಡಲಿಗೆ ಎರಡು ಬಸ್ಸು ಬದಲಿಸಿ ಹೋಗಬೇಕು. ಮೀನುಗಾರಿಕೆಯ ವಾತಾವರಣ ಎಲ್ಲಿಂದ ಬರಬೇಕು? ಆದರೆ ತನಿಖೆ ಎಂದ ಮೇಲೆ ಯಾವ ಕೋನವನ್ನೂ ಬಿಡಬಾರದು. ದೊಡ್ಡ ಮೇಡಂ ಶಾಲೆಯ ವಾರ್ಷಿಕೋತ್ಸವದ ಗಡಿಬಿಡಿಯಲ್ಲಿದ್ದರು. ಓದದೆ ಸಹಿ ಹಾಕಿದರು. ಮೊಹರು ಒತ್ತಿದವನು ನಾನೇ, ನೇರವಾಗಿ, ಅಂಚಿಗೆ ಸಮಾನಾಂತರವಾಗಿ. ಮಧ್ಯಾಹ್ನ ಪತ್ರ ಧನ್ವಿಯ ಚೀಲದಲ್ಲಿ ಮನೆಗೆ ಹೋಯಿತು.

ಆ ಸಂಜೆ ಅಕ್ಕನಿಗೆ ಎಲ್ಲವನ್ನೂ ಓದಿ ಹೇಳಿದೆ. ಮೀನುಗಾರಿಕೆಯವರೆಗೆ ಅವಳು ನಗುತ್ತಿದ್ದಳು. ಆಮೇಲೆ ನಗು ನಿಂತಿತು.

“ಎಷ್ಟು ಗಂಟೆಗೆ ಹೇಳುದು ಅವಳು?”

“ಹತ್ತೂ ಮುಕ್ಕಾಲು. ಹನ್ನೆರಡು ಸಲವೂ. ಬೇಕಾದ್ರೆ ನೋಡು.”

“ಕೈಯಲ್ಲಿ ಎಂತ ಇರ್ತದೆ?”

“ತಿಂಡಿ ಡಬ್ಬಿ. ಮುಚ್ಚಳ ತೆಗೆದು. ಅದಕ್ಕೂ ಟಿಪ್ಪಣಿ ಉಂಟು.”

ಅಕ್ಕ ನನ್ನನ್ನು ನೋಡಿದಳು. ನೆರೆಮನೆಯ ಕೋಳಿಯನ್ನು ನಾನು ನೋಡುವ ಹಾಗೆ ನೋಡಿದಳು. ಅಷ್ಟರಲ್ಲಿ ಅಡುಗೆ ಮನೆಯಿಂದ ಅಮ್ಮ ನಮ್ಮಿಬ್ಬರನ್ನೂ ಕೂಗಿದರು.

“ಬಲೇ... ಚಾ ಆಂಡ್!”

ಬನ್ನಿ, ಚಹಾ ಆಯಿತು ಎಂದು. ನಾನು ಎದ್ದೆ. ಎರಡು ಹೆಜ್ಜೆ ನಡೆದೆ. ಮೂರನೆಯ ಹೆಜ್ಜೆಗೆ ನಿಂತೆ. ನನ್ನ ಕಾಲಿಗೆ ಅರ್ಥವಾದದ್ದು ತಲೆಗೆ ತಲುಪಲು ಅಷ್ಟು ಹೊತ್ತು ಹಿಡಿಯಿತು.

ನಮ್ಮಲ್ಲಿ ಯಾರೂ ಎದುರಿಗೊಬ್ಬರಿದ್ದರೆ ಒಬ್ಬರೇ ತಿನ್ನುವುದಿಲ್ಲ. ಎಲೆ ಹಾಕಿದರೆ, ಡಬ್ಬಿ ಬಿಚ್ಚಿದರೆ, ಹತ್ತಿರ ಇದ್ದವರನ್ನು ‘ಬಲೆ’ ಎಂದು ಕರೆದೇ ಕೈ ಹಾಕುವುದು. ಅದನ್ನು ಯಾರೂ ಕಲಿಸುವುದಿಲ್ಲ, ನೋಡಿಯೇ ಬರುತ್ತದೆ. ನಾಲ್ಕು ವರ್ಷದ ಮಗುವೊಂದು ಹನ್ನೆರಡು ದಿನ, ಒಬ್ಬನೇ ಕೂತು ಗೀಚುತ್ತಿದ್ದ ಒಬ್ಬ ಮನುಷ್ಯನನ್ನು ತಿಂಡಿಗೆ ಕರೆದಿತ್ತು. ಅದೂ ‘ಬಲ’ ಅಲ್ಲ, ‘ಬಲೆ’. ಬಹುವಚನದಲ್ಲಿ. ಅವಳು ನೋಡುತ್ತಿದ್ದದ್ದು ಚಿತ್ರಪಟವನ್ನಲ್ಲ, ನನ್ನನ್ನು.

“ಅಕ್ಕ, ನಾನೊಂದು...”

“ಹೌದು,” ಎಂದಳು ಅಕ್ಕ, ನಾನು ವಾಕ್ಯ ಮುಗಿಸುವ ಮೊದಲೇ. “ಈಗಲೇ ಫೋನ್ ಮಾಡು.”

ಧನ್ವಿಯ ತಾಯಿ ಪೇಟೆಯಲ್ಲಿ ಹೊಲಿಗೆ ಅಂಗಡಿ ಇಟ್ಟವರು. ಮೊದಲ ರಿಂಗಿಗೇ ಎತ್ತಿದರು.

“ಸರ್! ನಾನೇ ಮಾಡ್ಬೇಕು ಅಂತ ಇದ್ದೆ. ನೀವು ಇಷ್ಟು ಸೂಕ್ಷ್ಮದಲ್ಲಿ ನೋಡಿದ್ರಲ್ಲ ಸರ್! ಮನೆಯಲ್ಲಿ ಅದು ಬಾಯಿ ಮುಚ್ಚುದಿಲ್ಲ. ಶಾಲೆಯಲ್ಲಿ ಹೀಗೆ ಅಂತ ನಮಗೆ ಹೇಗೆ ಗೊತ್ತಾಗ್ಬೇಕು?”

“ಅದು ಎಂತ ಅಂದ್ರೆ, ಆ ಪತ್ರ...”

“ಪತ್ರ ಓದಿದ ಕೂಡ್ಲೆ ಫೋನ್ ಮಾಡಿ ವಿಚಾರಿಸಿದೆ ಸರ್. ಮಂಗಳೂರಲ್ಲಿ ನಾಳೆಗೇ ಡಾಕ್ಟ್ರು ಸಿಕ್ಕಿದ್ದಾರೆ. ಎರಡು ದಿನ ಅಂಗಡಿಗೆ ಬಾಗಿಲು ಹಾಕ್ತೇನೆ. ಒಂದು ಮದುವೆಯ ಹನ್ನೊಂದು ರವಿಕೆ ಹೊಲಿಲಿಕ್ಕುಂಟು, ಅದು ಮಗುವಿಗಿಂತ ದೊಡ್ಡದಾ? ನಿಮ್ಮಂಥ ಟೀಚರ್ ಸಿಕ್ಕಿದ್ದು ನಮ್ಮ ಪುಣ್ಯ ಸರ್.”

ಈ ಜಾಗದಲ್ಲಿ ಒಬ್ಬ ಮನುಷ್ಯ ಹೇಳಬೇಕಾದದ್ದು ಒಂದೇ ವಾಕ್ಯ: ‘ತಪ್ಪು ನನ್ನದು, ಹೋಗಬೇಡಿ.’ ಮೂರೇ ಪದ. ಬಾಯಿ ತೆರೆದೆ.

“ಪರವಾಗಿಲ್ಲ,” ಎಂದೆ.

ಫೋನ್ ಇಟ್ಟೆ. ಅಕ್ಕ ಕೇಳಿದಳು, “ಹೇಳಿದಿಯಾ?”

“ಅವರು ತುಂಬಾ ಥ್ಯಾಂಕ್ಸ್ ಹೇಳಿದರು.”

ಅಕ್ಕನ ಕಾಲಿಗೆ ಪ್ಲಾಸ್ಟರ್ ಇಲ್ಲದಿದ್ದರೆ ಆ ಕ್ಷಣದಲ್ಲಿ ಆ ಕಾಲಿನ ಉಪಯೋಗ ಬೇರೆಯೇ ಆಗುತ್ತಿತ್ತು. ಇಷ್ಟು ದಿನ ಆದದ್ದೆಲ್ಲ ದಡ್ಡತನ. ಆ ‘ಪರವಾಗಿಲ್ಲ’ ಮಾತ್ರ ದಡ್ಡತನ ಅಲ್ಲ. ಇವತ್ತಿಗೂ ಅದಕ್ಕೆ ನನ್ನ ಡೈರಿಯಲ್ಲಿ ಸರಿಯಾದ ಕಾಲಮ್ ಸಿಕ್ಕಿಲ್ಲ.

ಮರುದಿನ ಬೆಳಿಗ್ಗೆ ದೊಡ್ಡ ಮೇಡಂ ಬಳಿ ಹೋಗಿ, “ಮೇಡಂ, ಧನ್ವಿಯ ಪತ್ರ ವಾಪಸ್ ತೆಗೆದುಕೊಳ್ಳಬೇಕು. ಪಟ್ಟಿಯಿಂದ ಹೆಸರೂ ತೆಗೆಯಬೇಕು,” ಎಂದೆ.

“ಪತ್ರ ಈಗ ಮಂಗಳೂರು ಬಸ್ಸಲ್ಲಿ ಉಂಟು. ಹೆಸರು ಯಾಕೆ ತೆಗೆಯುದು?”

“ನನ್ನ ಲೆಕ್ಕ ತಪ್ಪಿದೆ.”

“ನಿಮ್ಮ ಲೆಕ್ಕ ತಪ್ಪುವುದಿಲ್ಲ ಅಂತ ನೀವೇ ಹೇಳಿದ್ದಲ್ವಾ?”

ಮೇಡಂ ಕನ್ನಡಕ ತೆಗೆದು ಹೇಳಿದರು, “ಮಗು ಬರಲಿ. ಮಾತಾಡುದನ್ನು ನಾನೇ ಕೇಳ್ತೇನೆ. ನಿಮ್ಮ ಪುಸ್ತಕ ನೋಡಿ ಇನ್ನೊಮ್ಮೆ ನಂಬುದಿಲ್ಲ.”

ಹದಿನೇಳನೆಯ ದಿನ ಶುಕ್ರವಾರ ಧನ್ವಿ ಬಂದಳು. ಜೊತೆಗೆ ಅಜ್ಜಿ. ತಾಯಿ ಹನ್ನೊಂದು ರವಿಕೆಯ ಮುಂದೆ ಕೂತಿದ್ದರಂತೆ. ಅಜ್ಜಿ ಮೇಡಂ ಕೋಣೆಯಲ್ಲಿ ಕೂತು ಒಂದು ಕಾಗದ ಮೇಜಿನ ಮೇಲಿಟ್ಟರು.

“ಮಗುವಿನ ಕಿವಿ ಸರಿ ಉಂಟಂತೆ ಮೇಡಂ. ಮಾತೂ ಸರಿ ಉಂಟಂತೆ.” ಆಮೇಲೆ ನನ್ನ ಕಡೆ ತಿರುಗಿದರು. “ಇನ್ನು ನಿಮ್ಮದೊಂದು ತೋರಿಸಿ ಸರ್.”

ಮೇಡಂ ಕೆಮ್ಮಿದರು. ಅದು ಕೆಮ್ಮು ಅಲ್ಲ ಎಂದು ನನಗೆ ಗೊತ್ತು.

“ಡಾಕ್ಟ್ರು ಪತ್ರ ಓದಿ ಕೇಳಿದ್ರು, ಈ ಬಲೆ ಅಂದ್ರೆ ಎಂತ ಮಗು ಅಂತ,” ಅಜ್ಜಿ ಮುಂದುವರಿಸಿದರು. “ಬಸ್ಸಿಗೆ ಅಂತ ಕಟ್ಟಿದ್ದ ಡಬ್ಬಿ ಉಂಟಲ್ಲ, ಇದು ಅದನ್ನು ತೆಗೆದು ಡಾಕ್ಟ್ರ ಮುಂದೆ ಹಿಡಿದು ‘ಬಲೆ’ ಹೇಳಿತು. ಡಾಕ್ಟ್ರು ಒಂದು ಪುಂಡಿ ತೆಗೊಂಡು ತಿಂದ್ರು. ಅವರಿಗೆ ಕೂಡ್ಲೆ ಅರ್ಥ ಆಯ್ತು.”

ಏನಾದರೂ ಹೇಳಬೇಕಿತ್ತು. “ಅಜ್ಜಿ, ತಪ್ಪಾಯ್ತು,” ಎಂದೆ. ಕೊನೆಗೂ.

“ತಪ್ಪು ಎಂತ ಸರ್. ನನಗೊಂದು ಸಂಶಯ ಇತ್ತು, ಅದು ಹೋಯ್ತು.” ಅಜ್ಜಿ ಸೆರಗು ಸರಿಮಾಡಿಕೊಂಡರು. “ಇದು ಬೆಳಿಗ್ಗೆ ಡಬ್ಬಿ ಕಟ್ಟುವಾಗ ಸರ್‌ಗೆ ಅಂತ ಒಂದು ಹೆಚ್ಚು ಹಾಕ್ಸುದು. ಪುಂಡಿ ಆದ್ರೆ ಪುಂಡಿ, ದೋಸೆ ಆದ್ರೆ ದೋಸೆ. ಸಾಯಂಕಾಲ ಆ ಒಂದು ಹಾಗೇ ವಾಪಸ್ ಬರ್ತಿತ್ತು. ಸರ್ ನಮ್ಮ ಕೈಯದ್ದು ತಿನ್ನುದಿಲ್ಲವೇನೋ ಅಂತ ನಾನು ಮಾಡಿದ್ದೆ. ಮಗುವಿಗೆ ಹೇಳ್ಲಿಲ್ಲ.”

ಕೋಣೆಯಲ್ಲಿ ಯಾರೂ ನಗಲಿಲ್ಲ. ಮೇಡಂ ಕೂಡ ಕೆಮ್ಮಲಿಲ್ಲ.

ಆಮೇಲೆ ಮೇಡಂ, “ಮಂಗಳೂರಲ್ಲಿ ಎಂತೆಲ್ಲ ನೋಡಿದಿ ಮಗಾ? ತುಳುವಲ್ಲೇ ಹೇಳು,” ಎಂದರು. ಧನ್ವಿ ಅಜ್ಜಿಯ ಮಡಿಲಿಗೆ ಒರಗಿ ಶುರು ಮಾಡಿದಳು. ಬಸ್ಸಿನ ಕಿಟಕಿ, ಮೇಲೆ ಕೆಳಗೆ ಹೋಗುವ ಪೆಟ್ಟಿಗೆಯಂಥ ಕೋಣೆ, ಕಿವಿಗೆ ಇಟ್ಟ ಟಕ್ ಟಕ್ ಯಂತ್ರ, ಡಾಕ್ಟರಿಗೆ ಎರಡನೆಯ ಪುಂಡಿ ಬೇಕಿತ್ತು ಆದರೆ ಕೇಳಲು ನಾಚಿಕೆ ಆಯಿತು ಎಂಬ ಅವಳ ಗುಮಾನಿ. ಅಭ್ಯಾಸಬಲದಿಂದ ನಾನು ಪದಗಳನ್ನು ಎಣಿಸುತ್ತಿದ್ದೆ. ನೂರ ನಲವತ್ತಕ್ಕೆ ಪೆನ್ಸಿಲಿನ ಮೊನೆ ಮುರಿಯಿತು. ಅವಳು ಇನ್ನೂ ಮಂಗಳೂರಿನಿಂದ ವಾಪಸ್ ಹೊರಟಿರಲಿಲ್ಲ.

ಮೇಡಂ ಪಟ್ಟಿಯಲ್ಲಿ ಅವಳ ಹೆಸರಿಗೆ ಅಡ್ಡಗೆರೆ ಎಳೆದು, ಯುಕೆಜಿಯ ಪಟ್ಟಿಯಲ್ಲಿ ಬರೆದರು. ಆ ಗೆರೆ ನೇರವಾಗಿರಲಿಲ್ಲ. ನಾನು ತಿದ್ದಲು ಹೋಗಲಿಲ್ಲ.

ಇಲ್ಲಿಗೆ ಕಥೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಡೈರಿಯಲ್ಲಿ ಇನ್ನೂ ಏಳು ದಿನ ಇವೆ.

ಹದಿನೆಂಟನೆಯ ದಿನ ನಾನು ಹತ್ತೂ ನಲವತ್ತಕ್ಕೇ ಕೋಷ್ಟಕ ಮುಚ್ಚಿಟ್ಟೆ. ಕುರ್ಚಿಯನ್ನು ಚಿತ್ರಪಟದಿಂದ ದೂರ ಸರಿಸಿದೆ. ಕೈ ತೊಳೆದು ಕೂತೆ. ಹತ್ತೂ ಮುಕ್ಕಾಲು ಆಯಿತು. ಧನ್ವಿ ಡಬ್ಬಿ ತೆರೆದಳು. ಎದ್ದಳು. ನಳ್ಳಿಯ ಕಡೆಯಿಂದ ಬರುತ್ತಿದ್ದ ಕಮಲಕ್ಕನ ಹತ್ತಿರ ಹೋಗಿ, ಪಿಸುಮಾತಿನಲ್ಲಿ, “ಬಲೆ,” ಎಂದಳು. ಕಮಲಕ್ಕ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು, ನನ್ನನ್ನು ನೋಡಿ, ಬೇಕೆಂದೇ ನಿಧಾನವಾಗಿ ಅಗಿದರು.

ನನ್ನ ಹತ್ತಿರ ಧನ್ವಿ ಮಾತಾಡಲಿಲ್ಲವೆಂದಲ್ಲ. ಮಾತಾಡಿದಳು! ಶಾಲೆಯಲ್ಲಿ ಸರ್ ಹತ್ತಿರ ತುಳು ಬೇಡ, ಕನ್ನಡದಲ್ಲೇ ಮಾತಾಡು ಎಂದು ತಾಯಿ ಹೇಳಿ ಕಳಿಸಿದ್ದರಂತೆ. “ನಮಸ್ತೆ ಸರ್. ಇದು ಹಸಿರು ಬಣ್ಣ ಸರ್. ನಾನು ಹೊರಗೆ ಹೋಗಬಹುದೇ ಸರ್?” ಒಂದೊಂದು ಪದವೂ ಸ್ವಚ್ಛ. ಇಪ್ಪತ್ತೊಂದನೆಯ ದಿನ ನಲವತ್ತೊಂದು ಪದ, ಎಲ್ಲವೂ ಪಾಠಕ್ಕೆ ಸಂಬಂಧಪಟ್ಟವು. ಅಂಕಿಗಳನ್ನು ನೋಡಿದರೆ ನಾನು ಯಶಸ್ವಿ ಶಿಕ್ಷಕ. ಹತ್ತೂ ಮುಕ್ಕಾಲಿನ ಕಾಲಮ್ಮಿನಲ್ಲಿ ಮಾತ್ರ ಸೊನ್ನೆ, ಸೊನ್ನೆ, ಸೊನ್ನೆ.

“ನೀನೇ ಕರೆಯಬಹುದಲ್ಲ,” ಎಂದಳು ಅಕ್ಕ.

ಹೌದಲ್ಲ! ಬಿ.ಕಾಂ.ನಲ್ಲಿ ಇದನ್ನು ಹೇಳಿಕೊಟ್ಟಿರಲಿಲ್ಲ.

ಇಪ್ಪತ್ತನಾಲ್ಕನೆಯ ದಿನ, ಶನಿವಾರ, ನನ್ನ ಕೊನೆಯ ದಿನ. ಅಮ್ಮನಿಗೆ ಹೇಳಿ ಪುಂಡಿ ಮಾಡಿಸಿದೆ. ನನಗೆ ಮೂರು, ಒಂದು ಹೆಚ್ಚು. ಬೆಳಿಗ್ಗೆ ‘ಳ’ ಕಲಿಸಿದೆ. ‘ಳ’ದಿಂದ ಶುರುವಾಗುವ ಪದವೇ ಇಲ್ಲದ್ದರಿಂದ ಪಾಠ ಬೇಗ ಮುಗಿಯಿತು. ಹತ್ತೂ ಮುಕ್ಕಾಲಿಗೆ ಡಬ್ಬಿ ಹಿಡಿದುಕೊಂಡು ಹೋಗಿ ಧನ್ವಿಯ ಚಾಪೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತೆ. ಮೊಣಕಾಲು ಲಟಕ್ ಎಂದಿತು. ಮುಚ್ಚಳ ತೆಗೆದೆ. ಡಬ್ಬಿಯನ್ನು ಅವಳ ಮೂಗಿನ ಹತ್ತಿರಕ್ಕೆ ಎತ್ತಿದೆ. ಅವಳು ನನಗೆ ಕೊಟ್ಟಿದ್ದ ಬಹುವಚನವನ್ನು ನಾನೂ ಕೊಟ್ಟೆ.

“ಬಲೆ,” ಎಂದೆ.

ಧನ್ವಿ ಡಬ್ಬಿ ನೋಡಿದಳು. ನನ್ನನ್ನು ನೋಡಿದಳು. ತಿನ್ನುವುದನ್ನು ನಿಲ್ಲಿಸಿ, ತೋರುಬೆರಳು ಎತ್ತಿ, ಬಹಳ ತಾಳ್ಮೆಯಿಂದ ನನ್ನನ್ನು ತಿದ್ದಿದಳು.

“ಬಲೆ ಅಲ್ಲ ಸರ್. ಇವತ್ತು ‘ಳ’.”

ಆ ದಿನದ ಡೈರಿ ಇಷ್ಟೇ: ‘ದಿನ 24, ಶನಿವಾರ. ಪ್ರಶಾಂತ. ಬಲೆ. 10.45. ಪಾಠಕ್ಕೆ ಸಂಬಂಧವಿಲ್ಲ. ಮನೆಗೆ ವಾಪಸ್ ಬಂದ ಪುಂಡಿ: 1. ಹನ್ನೆರಡರಲ್ಲಿ ಬಾಕಿ: 11.’